ಖರ್ಚಾಗದ ದುಡ್ಡಿನ ಜಾಡು

ಒಂಬತ್ತನೇ ತರಗತಿಯಲ್ಲಿ ‘ಕೆಲಸ ಮತ್ತು ಶಕ್ತಿ’ ಪಾಠ ಮುಗಿಯುತ್ತ ಬಂದಿತ್ತು. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು ಎಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ಕೈಗೆ ಮೆತ್ತಿದ ಸೀಮೆಸುಣ್ಣ ಕೊಡವಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. “ಖರ್ಚೇ ಆಗಲ್ಲ ಅಂದ್ಮೇಲೆ ಕರೆಂಟ್ ಬಿಲ್ ಯಾಕ್ ಬರತ್ತೆ ಸಾರ್?”

ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ಉತ್ತರ ತೋಚದಿದ್ದಾಗ ಮೇಷ್ಟ್ರುಗಳಿಗೆ ಇರುವ ಹಳೆಯ ಆಸರೆ ಅದು. ಆಮೇಲೆ ಅಭ್ಯಾಸಬಲದಿಂದ ದುಡ್ಡಿನ ಉಪಮೆಗೆ ಕೈಹಾಕಿದೆ. ಶಕ್ತಿ ಅಂದರೆ ದುಡ್ಡಿದ್ದ ಹಾಗೆ ಕಣಮ್ಮ. ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟರೆ ಅದು ಸುಟ್ಟುಹೋಗುತ್ತದೆಯೇ? ನಿನ್ನ ಜೇಬಿನಿಂದ ಅಂಗಡಿಯವರ ಗಲ್ಲಾಪೆಟ್ಟಿಗೆಗೆ ಹೋಯಿತು, ಅಷ್ಟೆ. ಊರಲ್ಲಿರುವ ಒಟ್ಟು ದುಡ್ಡು ಇದ್ದಷ್ಟೇ ಇದೆ. ಅವಳು ಒಂದು ಗಳಿಗೆ ಯೋಚಿಸಿ, “ಹಂಗಾದ್ರೆ ಕರೆಂಟಿನವರ ಹತ್ರ ನಾವು ದುಡ್ಡು ಕೊಟ್ಟು ದುಡ್ಡು ತಗೊಳ್ತೀವಾ ಸಾರ್?” ಅಂದಳು. ಪುಣ್ಯಕ್ಕೆ ಗಂಟೆ ಹೊಡೆಯಿತು.

ಆ ರಾತ್ರಿ ಅವಳ ಪ್ರಶ್ನೆಗಿಂತ ಹೆಚ್ಚಾಗಿ ನನ್ನನ್ನು ಕೊರೆದದ್ದು ನನ್ನ ಉತ್ತರ. ಈ ದುಡ್ಡಿನ ಮಾತು ನನಗೆ ಎಲ್ಲಿಂದ ಬಂತು? ನನ್ನ ಮೇಷ್ಟ್ರು ಹೇಳಿದ್ದರು. ಅವರಿಗೆ ಅವರ ಮೇಷ್ಟ್ರು ಹೇಳಿರಬೇಕು. ಬಾಯಿಂದ ಬಾಯಿಗೆ ಬಂದ ಮಾತಿಗೂ ಎಲ್ಲೋ ಒಂದು ಮೊದಲ ಬಾಯಿ ಇರಬೇಕಲ್ಲ. ಶಕ್ತಿಯನ್ನು ಮೊದಲು ದುಡ್ಡಿಗೆ ಹೋಲಿಸಿದವರು ಯಾರು? ಒಂದು ವಾರದ ಕೆಲಸ ಅಂದುಕೊಂಡು ಕೂತೆ. ಎರಡು ಬೇಸಿಗೆ ರಜೆ ನುಂಗಿತು.

ಎಲ್ಲರಂತೆ ನಾನೂ ಮೊದಲು ತೆರೆದದ್ದು ರಿಚರ್ಡ್ ಫೈನ್‌ಮನ್‌ರನ್ನು. 1961ರಲ್ಲಿ ಅವರು ಕ್ಯಾಲ್‌ಟೆಕ್‌ನಲ್ಲಿ ಹೊಸ ವಿದ್ಯಾರ್ಥಿಗಳಿಗೆ ಶುರುಮಾಡಿದ ಉಪನ್ಯಾಸಗಳ ನಾಲ್ಕನೇ ಅಧ್ಯಾಯ ಶಕ್ತಿ ಸಂರಕ್ಷಣೆಯದು. ಅಲ್ಲಿ ಡೆನಿಸ್ ಎಂಬ ತುಂಟ ಹುಡುಗ, ಅವನ ಬಳಿ ಒಡೆಯಲಾಗದ, ಸವೆಯದ 28 ಬಿಲ್ಲೆಗಳು. ತಾಯಿ ದಿನವೂ ಸಂಜೆ ಎಣಿಸುತ್ತಾಳೆ. ಒಂದು ದಿನ 27 ಬಂದರೆ ಹುಡುಕಿ ನೋಡುತ್ತಾಳೆ, ಇನ್ನೊಂದು ಜಮಖಾನದ ಅಡಿಯಲ್ಲಿದೆ. ಇನ್ನೊಂದು ದಿನ 26, ಕಿಟಕಿ ತೆರೆದಿದೆ, ಎರಡು ಹೊರಗೆ ಬಿದ್ದಿವೆ. ಆಮೇಲೆ ಹುಡುಗ ಆಟಿಕೆ ಪೆಟ್ಟಿಗೆ ತೆರೆಯಬೇಡ ಎಂದು ಕಿರುಚುತ್ತಾನೆ. ತಾಯಿ ಜಾಣೆ, ಪೆಟ್ಟಿಗೆಯನ್ನು ತೂಗಿ ಒಳಗೆ ಎಷ್ಟಿವೆ ಎಂದು ಲೆಕ್ಕಹಾಕುತ್ತಾಳೆ. ಬಚ್ಚಲ ತೊಟ್ಟಿಯ ಕೊಳಕು ನೀರಿನಲ್ಲಿ ಮುಳುಗಿದವನ್ನು ನೀರಿನ ಮಟ್ಟ ಏರಿದ್ದನ್ನು ಅಳೆದು ಹಿಡಿಯುತ್ತಾಳೆ. ಸೂತ್ರ ಉದ್ದವಾಗುತ್ತ ಹೋಗುತ್ತದೆ, ಕೂಡಿಸಿದಾಗ ಬರುವುದು ಮಾತ್ರ ಅದೇ 28. ಇಷ್ಟನ್ನು ಓದುಗ ಖುಷಿಯಿಂದ ನುಂಗಿದ ಮೇಲೆ ಫೈನ್‌ಮನ್ ಕಾಲಡಿಯ ಹಲಗೆ ಎಳೆಯುತ್ತಾರೆ: ಶಕ್ತಿಯ ವಿಷಯದಲ್ಲಿ ಬಿಲ್ಲೆಗಳೇ ಇಲ್ಲ. ತೂಕದ ಲೆಕ್ಕ, ನೀರಿನ ಮಟ್ಟದ ಲೆಕ್ಕ ಮಾತ್ರ ಇವೆ. ಕೂಡಿಸಿದರೆ ಪ್ರತಿಸಲವೂ ಒಂದೇ ಸಂಖ್ಯೆ ಬರುತ್ತದೆ. ಶಕ್ತಿ ‘ಏನು’ ಎಂಬುದು ನಮಗೆ ತಿಳಿಯದು.

ನನ್ನ ನೋಟ್‌ಬುಕ್ಕಿನಲ್ಲಿ ಆ ದಿನ ಬರೆದುಕೊಂಡದ್ದು ಇಷ್ಟೆ: ‘ಲೆಕ್ಕ ಇದೆ, ದುಡ್ಡು ಇಲ್ಲ.’

ಫೈನ್‌ಮನ್‌ರಿಗೆ ‘ಶಕ್ತಿ’ ಎಂಬ ಪದದ ಮೇಲೇ ಒಂದು ಸಿಟ್ಟಿತ್ತು. 1966ರಲ್ಲಿ ಅಮೆರಿಕದ ವಿಜ್ಞಾನ ಶಿಕ್ಷಕರ ಸಮ್ಮೇಳನದಲ್ಲಿ ಮಾತಾಡುತ್ತ ಅವರು ಒಂದು ಪಠ್ಯಪುಸ್ತಕವನ್ನು ಹಿಡಿದು ಜಾಡಿಸಿದರು. ಅದರಲ್ಲಿ ಕೀಲಿ ಕೊಡುವ ಆಟದ ನಾಯಿಯ ಚಿತ್ರ, ಕೆಳಗೆ ‘ಇದು ಏಕೆ ಚಲಿಸುತ್ತದೆ?’ ಎಂಬ ಪ್ರಶ್ನೆ. ಪುಸ್ತಕದ ಉತ್ತರ: ಶಕ್ತಿಯಿಂದ. ‘ದೇವರಿಂದ’ ಅಂದಿದ್ದರೂ ಮಗು ಅಷ್ಟೇ ಕಲಿಯುತ್ತಿತ್ತು ಎಂಬುದು ಅವರ ವಾದ. ಕೀಲಿ ತಿರುಗಿಸಿದಾಗ ಸ್ಪ್ರಿಂಗ್ ಬಿಗಿಯಾಗುತ್ತದೆ, ಬಿಚ್ಚಿಕೊಳ್ಳುವಾಗ ಹಲ್ಲುಗಾಲಿ ತಿರುಗಿಸುತ್ತದೆ ಎಂದು ಆಟಿಕೆ ಬಿಚ್ಚಿ ತೋರಿಸಿ ಎಂದರು. ಹೊಸ ಪದವನ್ನು ಬಳಸದೆ ಅದೇ ಸಂಗತಿಯನ್ನು ಹೇಳಲು ಬರದಿದ್ದರೆ ನೀವು ಕಲಿತದ್ದು ಪದವನ್ನು ಮಾತ್ರ.

ಇದನ್ನು ಓದುವಾಗ ನನಗೆ ನಮ್ಮದೇ ಗೋಜಲು ನೆನಪಾಯಿತು. ‘ಶಕ್ತಿ’ ಭೌತಶಾಸ್ತ್ರಕ್ಕೆ ಬರುವ ಮೊದಲೇ ಕನ್ನಡದಲ್ಲಿ ಕಾಲು ಚಾಚಿ ಕೂತಿದ್ದ ಪದ. ಊರಮ್ಮ ಶಕ್ತಿ. ಜ್ವರ ಬಿಟ್ಟವನಿಗೆ ಬೇಕಾದದ್ದು ಶಕ್ತಿ. ಮುದ್ದೆ ತಿಂದರೆ ಶಕ್ತಿ. ಜ್ಞಾಪಕಶಕ್ತಿ, ಕೊಳ್ಳುವ ಶಕ್ತಿ, ಅಶ್ವಶಕ್ತಿ. ಕೊನೆಯದ್ದಂತೂ ಪಠ್ಯದ ಪ್ರಕಾರ ಶಕ್ತಿಯೇ ಅಲ್ಲ, ‘ಸಾಮರ್ಥ್ಯ’! ಮಗು ‘ನಂಗೆ ಶಕ್ತಿ ಇಲ್ಲ ಸಾರ್, ಎಲ್ಲಾ ಖರ್ಚಾಗೋಯ್ತು’ ಎಂದು ಆಟದ ಮೈದಾನದಿಂದ ಬಂದು, ಮುಂದಿನ ಪೀರಿಯಡ್‌ನಲ್ಲಿ ಶಕ್ತಿ ಖರ್ಚಾಗದು ಎಂದು ಬರೆದುಕೊಳ್ಳಬೇಕು. ‘ಪ್ರಚ್ಛನ್ನ ಶಕ್ತಿ’ ಎನ್ನುವುದನ್ನೇ ನೋಡಿ. ಇಂಗ್ಲಿಷಿನ ಪೊಟೆನ್ಷಿಯಲ್ ಎಂದರೆ ಮುಂದೆ ಆಗಬಹುದಾದದ್ದು. ನಮ್ಮ ಪ್ರಚ್ಛನ್ನ ಎಂದರೆ ಈಗಾಗಲೇ ಇದ್ದು ಮುಸುಕು ಹಾಕಿಕೊಂಡದ್ದು. ಮಹಡಿಯ ಮೇಲಿಟ್ಟ ಕಲ್ಲಿನೊಳಗೆ ಯಾರೋ ಬಚ್ಚಿಟ್ಟುಕೊಂಡು ಕೂತಂತೆ. ಪಾರಿಭಾಷಿಕ ಪದ ಅಂದುಕೊಂಡು ನಾವು ಕಲಿಸುತ್ತಿರುವುದು ಇನ್ನೊಂದು ರೂಪಕವನ್ನೇ.

ಈ ಕಷ್ಟ ನಮ್ಮದೊಂದೇ ಅಲ್ಲ ಎಂಬುದು ಸಮಾಧಾನ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1847ರಲ್ಲಿ ಸಂರಕ್ಷಣೆಯ ತನ್ನ ಪ್ರಸಿದ್ಧ ಪ್ರಬಂಧ ಬರೆದಾಗ ಶೀರ್ಷಿಕೆಯಲ್ಲಿ ಇಟ್ಟದ್ದು ‘ಕ್ರಾಫ್ಟ್’ ಎಂಬ ಜರ್ಮನ್ ಪದ. ಅದಕ್ಕೆ ಬಲ ಎಂದೂ ಅರ್ಥ, ನಾವೀಗ ಶಕ್ತಿ ಎನ್ನುವುದಕ್ಕೂ ಅದೇ. 1853ರಲ್ಲಿ ಅದು ಇಂಗ್ಲಿಷಿಗೆ ಬಂದದ್ದು ‘ಬಲದ ಸಂರಕ್ಷಣೆ’ ಎಂದೇ. ಫ್ಯಾರಡೆಯಂಥವನೂ 1857ರಲ್ಲಿ ಅದೇ ಹೆಸರಿನಲ್ಲಿ ಉಪನ್ಯಾಸ ಕೊಟ್ಟ.

ಇನ್ನು ನಮ್ಮ ಕಾಲದ ಸಂಶೋಧಕರು. ಮಕ್ಕಳ ಮನಸ್ಸಿನಲ್ಲಿ ಶಕ್ತಿಯ ಚಿತ್ರ ಹೇಗಿದೆ ಎಂದು ಕೇಳಿ ಬರೆದವರ ದೊಡ್ಡ ಸಾಲೇ ಇದೆ. ಬ್ರಿಟನ್ನಿನ ಮೈಕಲ್ ವಾಟ್ಸ್ 1983ರಲ್ಲಿ ಏಳು ಬಗೆಯ ಚಿತ್ರಗಳನ್ನು ಗುರುತಿಸಿದರು: ಮನುಷ್ಯರಿಗಷ್ಟೇ ಇರುವ ಕಸುವು, ವಸ್ತುವಿನಲ್ಲಿ ತುಂಬಿಟ್ಟ ದಾಸ್ತಾನು, ಹರಿಯುವ ದ್ರವ ಹೀಗೆ. 1987ರಲ್ಲಿ ಜರ್ಮನಿಯ ರೈಂಡರ್ಸ್ ಡುಯಿಟ್ ಶಕ್ತಿಯನ್ನು ಒಂದು ಪದಾರ್ಥದಂತೆ ಚಿತ್ರಿಸಬಹುದೇ ಎಂದು ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು ಲೇಖನ ಬರೆದರು. ಪದಾರ್ಥ ಎಂದು ಕಲಿಸಿದರೆ ಮಗು ಶಾಖವೇ ಒಂದು ದ್ರವ ಎಂಬ ಹಳೆಯ ‘ಕ್ಯಾಲೊರಿಕ್’ ಕಲ್ಪನೆಗೆ ವಾಪಸಾಗುತ್ತದೆ ಎಂದು ಒಂದು ಪಕ್ಷ. ಹಾಗೆ ಕಲಿಸದಿದ್ದರೆ ಹಿಡಿಯಲು ಏನೂ ಸಿಗುವುದಿಲ್ಲ ಎಂದು ಇನ್ನೊಂದು. ಈ ಜಗಳದಲ್ಲಿ ನನಗೆ ಇಷ್ಟವಾದದ್ದು ಸಿಯಾಟಲ್ ಪೆಸಿಫಿಕ್ ವಿಶ್ವವಿದ್ಯಾಲಯದವರ ‘ಶಕ್ತಿ ನಾಟಕ’. ನೆಲದ ಮೇಲೆ ಹಗ್ಗದ ಸುತ್ತುಗಳು, ಒಂದೊಂದು ಸುತ್ತು ಒಂದೊಂದು ವಸ್ತು. ಕಲಿಯುವವರೇ ಶಕ್ತಿಯ ತುಣುಕುಗಳು. ಬಲ್ಬು ಉರಿಯುವುದನ್ನು ಆಡಿ ತೋರಿಸಬೇಕೆಂದರೆ ಒಂದು ಸುತ್ತಿನಿಂದ ಇನ್ನೊಂದಕ್ಕೆ ನಡೆಯಬೇಕು, ಯಾವ ರೂಪ ಎಂಬುದನ್ನು ಕೈಸನ್ನೆಯಲ್ಲಿ ತೋರಿಸಬೇಕು. ಆಟದಲ್ಲಿ ಯಾರೂ ಮಾಯವಾಗುವಂತಿಲ್ಲ, ಹೊಸಬರು ನುಗ್ಗುವಂತಿಲ್ಲ. ಸಂರಕ್ಷಣೆಯ ನಿಯಮ ಅಲ್ಲಿ ಹಾಜರಿ ಪುಸ್ತಕ.

ನಾನೂ ಒಮ್ಮೆ ಆಡಿಸಿ ನೋಡಿದೆ. ಫ್ಯಾನ್ ತಿರುಗಿ ನಿಂತ ಮೇಲೆ ‘ನಾವೀಗ ಎಲ್ಲಿ ಹೋಗ್ಬೇಕು ಸಾರ್’ ಎಂದು ಎಂಟು ಮಕ್ಕಳು ಹಗ್ಗದ ಆಚೆ ದಿಕ್ಕೆಟ್ಟು ನಿಂತರು. ಗಾಳಿಗೆ ಒಂದು ಸುತ್ತು ಹಾಕುವುದನ್ನೇ ಮರೆತಿದ್ದೆ.

ಆದರೆ ಇಲ್ಲಿ ಎಲ್ಲೂ ನನ್ನ ದುಡ್ಡು ಇರಲಿಲ್ಲ, ಅಂದರೆ ಅದರ ಮೂಲ ಇರಲಿಲ್ಲ. ಹೊಸ ಕಾಗದ ಬದಿಗಿಟ್ಟು ಹಳೆಯದಕ್ಕೆ ಇಳಿದೆ.

‘ಎನರ್ಜಿ’ ಎಂಬ ಪದವನ್ನು ಭೌತಶಾಸ್ತ್ರದಲ್ಲಿ ಇಂದಿನ ಅರ್ಥಕ್ಕೆ ಹತ್ತಿರವಾಗಿ ಬಳಸಿದವನು ಥಾಮಸ್ ಯಂಗ್. ವೃತ್ತಿಯಲ್ಲಿ ವೈದ್ಯ, ಬೆಳಕು ಅಲೆ ಎಂದು ತೋರಿಸಿದವನು, ರೊಸೆಟ್ಟಾ ಕಲ್ಲಿನ ಲಿಪಿಗೂ ಕೈಹಾಕಿದವನು. 1807ರಲ್ಲಿ ಅಚ್ಚಾದ ಅವನ ಲಂಡನ್ ಉಪನ್ಯಾಸಗಳಲ್ಲಿ, ಡಿಕ್ಕಿಯ ಬಗೆಗಿನ ಪಾಠದಲ್ಲಿ, ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿದ್ದಕ್ಕೆ ಆ ಹೆಸರಿಟ್ಟ. ಮೊದಲ ಬಾಯಿ ಇವನದೇ ಇರಬೇಕೆಂದು ಆಸೆಯಿಂದ ಓದಿದೆ. ಪದ ಇತ್ತು, ದುಡ್ಡಿರಲಿಲ್ಲ. ಪಾಪ, ಅವನು ಕೊಟ್ಟ ಪದವನ್ನೂ ಸುಮಾರು ನಲವತ್ತು ವರ್ಷ ಯಾರೂ ಕೈಗೆತ್ತಿಕೊಳ್ಳಲಿಲ್ಲ. ಗ್ಲಾಸ್ಗೋದಲ್ಲಿ ವಿಲಿಯಂ ಥಾಮ್ಸನ್ ಮತ್ತು ರ‍್ಯಾಂಕಿನ್ ಎತ್ತಿಕೊಂಡ ಮೇಲಷ್ಟೇ ಅದಕ್ಕೆ ಜೀವ ಬಂತು. 1853ರಲ್ಲಿ ರ‍್ಯಾಂಕಿನ್ ‘ಪೊಟೆನ್ಷಿಯಲ್ ಎನರ್ಜಿ’ ಎಂದು ಹೆಸರಿಟ್ಟಾಗ ಖಗೋಳಜ್ಞ ಜಾನ್ ಹರ್ಷೆಲ್‌ಗೆ ಅದು ಹಿಡಿಸಲಿಲ್ಲ. ಕಾಣದ್ದನ್ನು ಲೆಕ್ಕಕ್ಕೆ ಸೇರಿಸಿ ಮೊತ್ತ ಸರಿಹೋಯಿತು ಎಂದರೆ ಅದು ಸತ್ಯವಲ್ಲ, ಬರೀ ಹೆಸರಿಡುವ ಚಮತ್ಕಾರ ಎಂಬ ಧಾಟಿ ಅವನದು. ರ‍್ಯಾಂಕಿನ್ 1867ರಲ್ಲಿ ಉತ್ತರ ಬರೆದ. ಹರ್ಷೆಲ್ ನನ್ನ ಹಿಂದಿನ ಬೆಂಚಿನ ಹುಡುಗಿಯ ದಾಯಾದಿಯೇ ಇರಬೇಕು ಅನ್ನಿಸಿತು.

ಮೊದಲ ಗೆಲುವು ಸಿಕ್ಕಿದ್ದು ಒಂದು ಪುಟ್ಟ ಪುಸ್ತಕದಲ್ಲಿ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ತೀರಿಕೊಳ್ಳುವ ಮೂರು ವರ್ಷ ಮೊದಲು, 1876ರಲ್ಲಿ, ‘ಮ್ಯಾಟರ್ ಅಂಡ್ ಮೋಷನ್’ ಎಂಬ ಹೆಸರಿನಲ್ಲಿ ಕಲಿಯುವವರಿಗಾಗಿ ಬರೆದದ್ದು. ಪ್ರಕಟಿಸಿದವರು ಕ್ರೈಸ್ತ ಜ್ಞಾನ ಪ್ರಸಾರದ ಒಂದು ಸಂಘದವರು. ಅದರಲ್ಲಿ ಶಕ್ತಿಯ ಯಾವ ಪಾಲನ್ನೂ ಗುರುತು ಹಿಡಿದು ಬೆನ್ನಟ್ಟಲು ಆಗದು, ಅದಕ್ಕೆ ಕಲ್ಲು-ಮಣ್ಣಿನಂತೆ ಸ್ವಂತ ಇರುವಿಕೆಯಿಲ್ಲ ಎಂದು ಹೇಳುತ್ತ ಮ್ಯಾಕ್ಸ್‌ವೆಲ್ ಒಂದು ಹೋಲಿಕೆ ಕೊಡುತ್ತಾನೆ: ಜಗತ್ತಿನ ವ್ಯವಹಾರವೆಲ್ಲ ಉದ್ದರಿಯ ಮೇಲೆ ನಡೆದಂತೆ ಇದೆ. ಒಂದು ವಸ್ತು ಇನ್ನೊಂದಕ್ಕೆ ಇಷ್ಟು ಜಮೆ ವರ್ಗಾಯಿಸುತ್ತದೆ, ಆ ಪಾವತಿಗೇ ‘ಕೆಲಸ’ ಎಂದು ಹೆಸರು.

ಕುರ್ಚಿಯಿಂದ ಎದ್ದು ಒಂದು ಸುತ್ತು ನಡೆದುಬಂದೆ. ಇದು ನನ್ನ ಮೇಷ್ಟ್ರ ದುಡ್ಡಲ್ಲ, ಅದಕ್ಕಿಂತ ಸೂಕ್ಷ್ಮವಾದದ್ದು. ನಮ್ಮ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಲ್ಲಿ ನೋಟೂ ಇಲ್ಲ, ನಾಣ್ಯವೂ ಇಲ್ಲ, ಬರಹ ಮಾತ್ರ. ತಿಂಗಳ ಕೊನೆಗೆ ನೀವು ಕೊಟ್ಟ ಐನೂರು ರೂಪಾಯಿಯಲ್ಲಿ ಬೇಳೆಗೆ ಸಂದದ್ದು ಯಾವ ನೋಟು, ಎಣ್ಣೆಗೆ ಯಾವುದು ಎಂದು ಕೇಳುವುದೇ ಅರ್ಥಹೀನ. ಫೈನ್‌ಮನ್‌ರ ‘ಬಿಲ್ಲೆಗಳಿಲ್ಲ’ ಎಂಬ ಮಾತನ್ನು ಮ್ಯಾಕ್ಸ್‌ವೆಲ್ ಎಂಬತ್ತೈದು ವರ್ಷ ಮೊದಲೇ ಅಂಗಡಿ ಭಾಷೆಯಲ್ಲಿ ಆಡಿದ್ದ.

ಇನ್ನೊಂದು ಲಾಭವನ್ನೂ ಅಲ್ಲೇ ಕಂಡೆ. ಬಿಲ್ಲೆಯ ಉಪಮೆಗೆ ಸೊನ್ನೆಯ ಕೆಳಗೆ ಇಳಿಯಲು ಬರುವುದಿಲ್ಲ. ಮೈನಸ್ ಮೂರು ಬಿಲ್ಲೆ ಎಂದರೇನು? ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನಿನ ಶಕ್ತಿ ಮೈನಸ್ 13.6 ಎಲೆಕ್ಟ್ರಾನ್ ವೋಲ್ಟ್ ಎಂದಾಗ ಪಿಯುಸಿ ಮಕ್ಕಳು ಕಂಗಾಲಾಗುವುದು ಇದಕ್ಕೇ. ಉದ್ದರಿ ಲೆಕ್ಕದಲ್ಲಿ ಇದು ನೀರು ಕುಡಿದಷ್ಟು ಸುಲಭ: ಅದು ಅಷ್ಟು ಸಾಲದಲ್ಲಿದೆ. ಯಾರಾದರೂ 13.6 ಕಟ್ಟಿದರೆ ಬಿಡುಗಡೆ.

ಮ್ಯಾಕ್ಸ್‌ವೆಲ್‌ನ ಮಾತಿಗೆ ಎದುರು ನಿಂತವನೂ ಬೇಗ ಸಿಕ್ಕಿದ. 1884ರಲ್ಲಿ ಬರ್ಮಿಂಗ್‌ಹ್ಯಾಮಿನ ಪಾಯಿಂಟಿಂಗ್ ಒಂದು ವಿಚಿತ್ರ ಫಲಿತಾಂಶ ಪ್ರಕಟಿಸಿದ. ತಂತಿಯಲ್ಲಿ ವಿದ್ಯುತ್ ಹರಿಯುವಾಗ ಶಕ್ತಿ ತಂತಿಯೊಳಗೆ ಕೊಳವೆಯ ನೀರಿನಂತೆ ಬರುವುದಿಲ್ಲ, ಸುತ್ತಲಿನ ಕ್ಷೇತ್ರದ ಮೂಲಕ ಬಂದು ತಂತಿಯ ಪಕ್ಕದಿಂದ ಒಳಹೊಗುತ್ತದೆ. ಬ್ಯಾಟರಿ ಎಂದರೆ ನೀರಿನ ಟ್ಯಾಂಕು, ತಂತಿ ಎಂದರೆ ಪೈಪು ಎಂದು ಬೋರ್ಡಿನ ಮೇಲೆ ಬರೆಯುವ ನಮ್ಮಂಥವರಿಗೆ ಇದು ಕಪಾಳಮೋಕ್ಷ. ಮರುವರ್ಷ ಲಿವರ್‌ಪೂಲಿನ ಆಲಿವರ್ ಲಾಜ್ ಈ ಫಲಿತಾಂಶ ಹಿಡಿದು ಕುಣಿದ. ಶಕ್ತಿಯ ದಾರಿಯನ್ನು ಹೆಜ್ಜೆಹೆಜ್ಜೆಗೂ ತೋರಿಸಬಹುದು ಎಂದ ಮೇಲೆ ಅದರ ತುಣುಕಿಗೆ ಚೀಟಿ ಅಂಟಿಸಿ ಗುರುತಿಡಬಹುದು ಎಂಬುದು ಅವನ ವಾದ. ಅವನ ಹೋಲಿಕೆ ರೈಲಿನದು: ಕಳೆದುಹೋದ ಲಗೇಜು ದೂರದ ಸ್ಟೇಷನ್ನಿನಲ್ಲಿ ಜಜ್ಜಿ ನುಗ್ಗಾಗಿ, ಗುರುತೇ ಸಿಗದಂತೆ ಬಂದು ಬಿದ್ದಿದ್ದರೂ ಅದು ನಡುವಿನ ಹಳಿಯ ಮೇಲೇ ಬಂದಿರಬೇಕು ಎಂಬುದರಲ್ಲಿ ಯಾರಿಗೆ ಅನುಮಾನ?

ಉದ್ದರಿಯೋ, ಲಗೇಜೋ? ನನ್ನ ಮನಸ್ಸು ಮ್ಯಾಕ್ಸ್‌ವೆಲ್‌ನ ಕಡೆಗೇ ವಾಲುತ್ತದೆ. ಆದರೆ ಹದಿಮೂರು ವರ್ಷದ ಮಗುವಿಗೆ ಲಗೇಜು ಬೇಗ ಅರ್ಥವಾಗುತ್ತದೆ ಎಂಬುದೂ ನಿಜ. ಸಿಯಾಟಲ್‌ನ ಹಗ್ಗದಾಟದಲ್ಲಿ ಓಡಾಡುವವರು ಲಾಜ್‌ನ ಲಗೇಜುಗಳೇ.

ಈ ನಡುವೆ ಬ್ಯಾಲ್ಫೋರ್ ಸ್ಟುವರ್ಟ್ ಎಂಬ ಪುಣ್ಯಾತ್ಮ ಸಿಕ್ಕಿದ. ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನ ಪ್ರಾಧ್ಯಾಪಕ. 1873ರಲ್ಲಿ ಜನಸಾಮಾನ್ಯರಿಗಾಗಿ ಶಕ್ತಿ ಸಂರಕ್ಷಣೆಯ ಮೇಲೆ ಅವನು ಬರೆದ ಪುಸ್ತಕದಲ್ಲಿ ಇಬ್ಬರು ಕಲ್ಲು ತೂರಾಡುತ್ತಾರೆ. ಇಬ್ಬರಿಗೂ ಅಷ್ಟೇ ತೋಳ್ಬಲ, ಅಷ್ಟೇ ಕಲ್ಲಿನ ಗುಡ್ಡೆ. ಒಬ್ಬ ಮಾಡಿನ ಮೇಲಿದ್ದಾನೆ, ಒಬ್ಬ ಕೆಳಗಿದ್ದಾನೆ. ಗೆಲ್ಲುವವನು ಯಾರೆಂದು ಮಗುವಿಗೂ ಗೊತ್ತು. ಎತ್ತರದ ಜಾಗ ತಾನೇ ಒಂದು ಆಸ್ತಿ ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ಹೇಳಿದವರನ್ನು ನಾನು ಕಂಡಿಲ್ಲ, ಮರುದಿನವೇ ತರಗತಿಯಲ್ಲಿ ಬಳಸಿಕೊಂಡೆ. ಆದರೆ ಸ್ಟುವರ್ಟ್ ಅಲ್ಲಿಗೆ ನಿಲ್ಲುವ ಆಸಾಮಿಯಲ್ಲ. ಭೌತಜಗತ್ತಿನ ‘ಸ್ಥಾನ’ವನ್ನು ಸಮಾಜದ ‘ಸ್ಥಾನಮಾನ’ಕ್ಕೆ ಎಳೆದು, ಉನ್ನತ ಸ್ಥಾನದಲ್ಲಿರುವವನ ಬಳಿಯೂ ಇಂಥದೇ ಶಕ್ತಿ ಇದೆ ಎನ್ನುತ್ತಾನೆ. ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುವ ಶಾಖವನ್ನು ‘ವಿಶ್ವದ ಕಮ್ಯುನಿಸ್ಟ್’ ಎಂದು ಕರೆದವನೂ ಅವನೇ. ಮೇಲಿನವರು ಮೇಲಿದ್ದರೇ ಜಗತ್ತು ನಡೆಯುವುದು ಎಂಬ ವಿಕ್ಟೋರಿಯಾ ಕಾಲದ ಧನಿಕರ ನಂಬಿಕೆಗೆ ಭೌತಶಾಸ್ತ್ರದ ಮುದ್ರೆ! ಉಪಮೆ ಎರಡೂ ಕಡೆಗೆ ಹರಿಯುತ್ತದೆ, ಪಾಠ ಮಾಡುವವನ ಜೇಬಿನಲ್ಲಿರುವುದೂ ಅದರೊಳಗೆ ಸೋರುತ್ತದೆ.

ಮ್ಯಾಕ್ಸ್‌ವೆಲ್‌ಗಿಂತ ಹಿಂದೆ? ಹೆಲ್ಮ್‌ಹೋಲ್ಟ್ಸ್ 1854ರ ಫೆಬ್ರವರಿ 7ರಂದು ಕ್ಯೋನಿಗ್ಸ್‌ಬರ್ಗಿನಲ್ಲಿ ಮಾಡಿದ ಸಾರ್ವಜನಿಕ ಭಾಷಣದಲ್ಲಿ ಜಾಡು ಮತ್ತೆ ಕಂಡಿತು. ತಾನೇ ತಾನಾಗಿ ಎಂದೆಂದಿಗೂ ಓಡುವ ಯಂತ್ರಕ್ಕಾಗಿ ಶತಮಾನಗಟ್ಟಲೆ ತಲೆ ಕೆಡಿಸಿಕೊಂಡವರ ಕಥೆ ಹೇಳುತ್ತ ಅವನು ನೇರವಾಗಿ ಅನ್ನುತ್ತಾನೆ: ಕೆಲಸ ಎಂದರೆ ಹಣ, ಆ ಯಂತ್ರ ಹುಡುಕಿದವರು ಏನೂ ಇಲ್ಲದ್ದರಿಂದ ಹಣ ಮಾಡಲು ಹೊರಟವರು. ರಸವಾದಿಗಳು ಚಿನ್ನ ಮಾಡಲು ಹೋದ ಹಾಗೆ.

ಇಲ್ಲಿ ಒಂದು ಅಡ್ಡಮಾತು ತಡೆಯಲಾಗಲಿಲ್ಲ. ಆ ಭಾಷಣವಾಗಿ ಐವತ್ತು ವರ್ಷ ತುಂಬುವ ಮೊದಲೇ, 1902ರಲ್ಲಿ, ನಮ್ಮ ಶಿವನಸಮುದ್ರದಲ್ಲಿ ಬೀಳುವ ಕಾವೇರಿ ನೀರು ಕರೆಂಟಾಗಿ 92 ಮೈಲಿ ತಂತಿಯ ಮೇಲೆ ಓಡಿ ಕೋಲಾರದ ಗಣಿಗಳಲ್ಲಿ ಚಿನ್ನ ಎತ್ತತೊಡಗಿತು. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಮೈಸೂರು ಸರ್ಕಾರ ಆ ಶಕ್ತಿಯನ್ನು ಗಣಿ ಕಂಪನಿಗಳಿಗೆ ಅಶ್ವಶಕ್ತಿಯ ಲೆಕ್ಕದಲ್ಲಿ ಮಾರಿತು. ಇಲ್ಲಿ ಚಿನ್ನ ಬಂತು, ಆದರೆ ‘ಏನೂ ಇಲ್ಲದ್ದರಿಂದ’ ಅಲ್ಲ. ಅದರ ದುಡ್ಡು ಕಟ್ಟಿದವಳು ಮಳೆ ಹೊತ್ತು ತಂದು ಎತ್ತರದ ಕೊಡಗಿನಲ್ಲಿ ಸುರಿದ ಪ್ರಕೃತಿ, ಅವಳಿಗೆ ಮುಂಗಡ ಕೊಟ್ಟವನು ಸೂರ್ಯ. ಹೆಲ್ಮ್‌ಹೋಲ್ಟ್ಸ್ ನೋಡಿದ್ದರೆ ಮೆಚ್ಚುತ್ತಿದ್ದ.

ಅಲ್ಲಿಂದ ಹಿಂದೆ ಜರ್ಮನಿ, ಇಂಗ್ಲೆಂಡ್ ಎರಡೂ ಕಡೆ ಜಾಡು ಕತ್ತಲಾಯಿತು. ‘ಕೆಲಸ’ ಎಂಬ ಪದದ ಬಾಲ ಹಿಡಿದು ಹೊರಟದ್ದೇ ದಾರಿಯಾಯಿತು. ಭೌತಶಾಸ್ತ್ರದಲ್ಲಿ ಅದಕ್ಕೆ ‘ತ್ರಾವಾಯ್’ ಎಂಬ ಫ್ರೆಂಚ್ ಹೆಸರು ಖಾಯಂ ಆದದ್ದು 1829ರಲ್ಲಿ ಕೊರಿಯೊಲಿಸ್ ಬರೆದ ಯಂತ್ರಗಳ ಲೆಕ್ಕಾಚಾರದ ಪುಸ್ತಕದಿಂದ. ಚಲನ ಶಕ್ತಿಯ ಸೂತ್ರಕ್ಕೆ ಆ ‘ಅರ್ಧ’ವನ್ನು ಅಂಟಿಸಿದವನೂ ಅವನೇ. ಅವನ ಸಮಕಾಲೀನ ಪೊನ್ಸ್‌ಲೆ ಅದೇ ವಿದ್ಯೆಯನ್ನು ಮೆಟ್ಸ್ ನಗರದ ಕುಶಲಕರ್ಮಿಗಳಿಗೆ ಕಲಿಸುತ್ತಿದ್ದ. ಇಬ್ಬರೂ ಎಂಜಿನಿಯರುಗಳು. ಇಬ್ಬರ ಹಿಂದೆಯೂ ನಿಂತಿದ್ದವನು ಇನ್ನೊಬ್ಬ ಎಂಜಿನಿಯರ್, ದ್ರವಗಳ ಹರಿವಿನ ಸಮೀಕರಣಗಳಿಗೆ ಇಂದಿಗೂ ಹೆಸರು ಅಂಟಿಕೊಂಡಿರುವ ನಾವಿಯೇ.

ನಾವಿಯೇ 1819ರಲ್ಲಿ ಬೆಲಿಡೋರ್ ಎಂಬ ಹಳೆಯ ಎಂಜಿನಿಯರನ ಜಲಯಂತ್ರಗಳ ಗ್ರಂಥವನ್ನು ತನ್ನ ಟಿಪ್ಪಣಿ ಸೇರಿಸಿ ಮರುಮುದ್ರಣಕ್ಕೆ ತಂದ. ಸ್ಕ್ಯಾನ್ ಮಾಡಿದ ಪುಟಗಳು ಮಸುಕು, ನನ್ನ ಫ್ರೆಂಚ್ ಅದಕ್ಕಿಂತ ಮಸುಕು. ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ತೆವಳಿದೆ. ಅವನ ಮುಂದಿದ್ದ ತೊಡಕು ಬಹಳ ಪ್ರಾಯೋಗಿಕವಾದದ್ದು. ಒಂದು ಯಂತ್ರ ಹಿಟ್ಟು ಬೀಸುತ್ತದೆ, ಇನ್ನೊಂದು ಮರ ಕೊಯ್ಯುತ್ತದೆ, ಮತ್ತೊಂದು ನೀರೆತ್ತುತ್ತದೆ. ಬಂಡವಾಳ ಹಾಕುವ ಸಾಹುಕಾರ ಇವುಗಳಲ್ಲಿ ಯಾವುದು ಮೇಲು ಎಂದು ಹೇಗೆ ತೀರ್ಮಾನಿಸಬೇಕು? ಸೇರು ಹಿಟ್ಟನ್ನೂ ಗಜ ಹಲಗೆಯನ್ನೂ ಹೋಲಿಸುವುದು ಹೇಗೆ? ಎಲ್ಲವನ್ನೂ ಒಂದೇ ಅಳತೆಗೆ ತರಬೇಕು. ಇಷ್ಟು ಭಾರವನ್ನು ಇಷ್ಟು ಎತ್ತರಕ್ಕೆ ಎತ್ತಿದಷ್ಟು ಎಂಬುದೇ ಆ ಅಳತೆ. ಅದಕ್ಕೆ ಅವನು, ಹೀಗೆ ಹೇಳಬಹುದಾದರೆ ಎಂದು ಸ್ವಲ್ಪ ಸಂಕೋಚಪಡುತ್ತಲೇ, ಒಂದು ಹೆಸರು ಕೊಡುತ್ತಾನೆ: ಒಂದು ಬಗೆಯ ‘ಯಾಂತ್ರಿಕ ನಾಣ್ಯ’.

1819! ಮುಂದೆ ಶಾಖಕ್ಕೂ ಕೆಲಸಕ್ಕೂ ಲೆಕ್ಕ ಕೂಡಿಸಲಿದ್ದ ಜೂಲ್ ಆಗ ಮಗು. ಶಕ್ತಿ ಸಂರಕ್ಷಣೆಯ ನಿಯಮ ಹುಟ್ಟಲು ಇನ್ನೂ ಎರಡು ದಶಕ ಬೇಕು.

ನನ್ನ ಹುಡುಕಾಟ ಮಗುಚಿಬಿದ್ದದ್ದು ಇಲ್ಲಿ. ಶಕ್ತಿ ಎಂಬ ಕಷ್ಟದ ಸಂಗತಿ ಮೊದಲೇ ಇತ್ತು, ಮಕ್ಕಳಿಗೆ ತಿಳಿಯಲೆಂದು ಯಾರೋ ಮೇಷ್ಟ್ರು ಅದಕ್ಕೆ ದುಡ್ಡಿನ ಅಂಗಿ ತೊಡಿಸಿದರು ಎಂದು ನಾನು ನಂಬಿದ್ದೆ. ನಡೆದದ್ದು ಉಲ್ಟಾ. ದುಡ್ಡಿನ ಪ್ರಶ್ನೆಯೇ ಮೊದಲು ಬಂತು. ಯಂತ್ರದ ದುಡಿಮೆಗೆ ಬೆಲೆ ಕಟ್ಟುವುದು ಹೇಗೆ ಎಂದು ಲೆಕ್ಕ ಬರೆಯಹೋದವರ ಕೈಗೆ, ಯಾವ ಯಂತ್ರಕ್ಕೂ ಮೋಸ ಮಾಡಲು ಬಿಡದ ಒಂದು ಮೊತ್ತ ಸಿಕ್ಕಿತು. ಅದಕ್ಕೂ ಹಿಂದೆ ಬೋಲ್ಟನ್ ಮತ್ತು ವ್ಯಾಟ್ ಜೋಡಿ ತಮ್ಮ ಉಗಿಯಂತ್ರಕ್ಕೆ ಕೇಳುತ್ತಿದ್ದ ಶುಲ್ಕ, ಹಳೆಯ ನ್ಯೂಕಮೆನ್ ಯಂತ್ರಕ್ಕೆ ಹೋಲಿಸಿದರೆ ಉಳಿಯುವ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಪಾಲು. ನಿಮಿಷಕ್ಕೆ 33,000 ಅಡಿ-ಪೌಂಡ್ ಎಂಬ ‘ಕುದುರೆ’ಯೂ ವ್ಯಾಪಾರದ ಕೂಸೇ. ಬಿಯರ್ ತಯಾರಿಸುವ ಕಾರ್ಖಾನೆಯ ಮಾಲೀಕನ ಮಗ ಜೂಲ್ 1840ರ ಆಸುಪಾಸಿನಲ್ಲಿ ಹೊರಟದ್ದೂ ಸತು ಸುಡುವ ಬ್ಯಾಟರಿ ಮೋಟಾರು ಕಲ್ಲಿದ್ದಲಿನ ಎಂಜಿನ್ನಿಗಿಂತ ಅಗ್ಗವೇ ಎಂದು ಲೆಕ್ಕಹಾಕಲು. ಮೋಟಾರು ಸೋತಿತು. ಆ ಸೋಲಿನ ಲೆಕ್ಕದ ಬೆನ್ನಿಗೇ ಅವನು ಶಾಖದ ವಿನಿಮಯ ದರ ಅಳೆಯಲು ಕೂತ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಮಾಡಲು 772 ಅಡಿ-ಪೌಂಡ್. ಇಂಥ ಸಂಖ್ಯೆಯನ್ನು ‘ವಿನಿಮಯ ದರ’ ಎನ್ನದೆ ಬೇರೇನು ಅನ್ನಬೇಕು?

‘ರೂಪಾಯಿ’ ಎಂಬ ಮಾತಿನ ಹೊಟ್ಟೆಯಲ್ಲೂ ‘ರೂಪ’ವಿದೆ, ಅಚ್ಚೊತ್ತಿ ರೂಪ ಕೊಟ್ಟ ಬೆಳ್ಳಿಯೇ ರೂಪ್ಯ. ಶಕ್ತಿಯ ‘ರೂಪಾಂತರ’ ಎಂದು ಪಾಠ ಮಾಡುವಾಗಲೆಲ್ಲ ಈಗ ನನಗೆ ಟಂಕಸಾಲೆಯ ಸದ್ದು ಕೇಳಿಸುತ್ತದೆ.

ಆದರೆ ಹುಡುಗಿಯ ಪ್ರಶ್ನೆ ಹಾಗೇ ಉಳಿದಿತ್ತು. ನಾಣ್ಯದ ಮೂಲ ಸಿಕ್ಕಿದ ಮಾತ್ರಕ್ಕೆ ಬಿಲ್ಲಿನ ಗುಟ್ಟು ಬಿಡಿಸಿದಂತಾಗಲಿಲ್ಲ. ಬಿಲ್ಲನ್ನೇ ಎದುರಿಗಿಟ್ಟುಕೊಂಡು ಕೂತೆ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ನಾವಿಯೇಯ ನಾಣ್ಯದಲ್ಲಿ ಹೇಳಿದರೆ, ನಷ್ಟವೇ ಇಲ್ಲದಿದ್ದರೆ, ಒಂದು ಟನ್ ಭಾರವನ್ನು 367 ಮೀಟರ್ ಎತ್ತಬಹುದು. ಅಥವಾ 253 ಮೀಟರ್ ಎತ್ತರದ ಜೋಗದಿಂದ ಸುಮಾರು 1,450 ಲೀಟರ್ ನೀರು ಬಿದ್ದಷ್ಟು. ಅದೇ ಒಂದು ಯೂನಿಟ್ಟನ್ನು ಗೀಸರಿಗೆ ಕೊಡಿ: 25 ಡಿಗ್ರಿಯ ನೀರನ್ನು ಕುದಿಬಿಂದುವಿಗೆ ತರಬೇಕೆಂದರೆ ಹನ್ನೊಂದು ಲೀಟರಿಗೆ ಮುಗಿಯಿತು. ಅಲ್ಲಿ ಒಂದು ಕಾರನ್ನು ಜೋಗಕ್ಕಿಂತ ಎತ್ತರ ಎತ್ತಿದ ದುಡ್ಡು, ಇಲ್ಲಿ ಸ್ನಾನಕ್ಕೆ ಮುಕ್ಕಾಲು ಬಕೆಟ್ ಬಿಸಿನೀರು. ಆ ನೀರು ಸಂಜೆಗೆ ಆರಿ ತಣ್ಣಗಾದಾಗ ಒಂದು ಜೂಲ್ ಕೂಡ ನಾಶವಾಗಿರುವುದಿಲ್ಲ. ಬಚ್ಚಲ ಗೋಡೆ, ಗಾಳಿ, ಅಂಗಳದಲ್ಲಿ ಹಂಚಿಹೋಗಿದೆ. ಅದನ್ನು ಬಾಚಿ ತಂದು ಕಾರು ಎತ್ತುವುದು ಮಾತ್ರ ಯಾರಿಂದಲೂ ಆಗದು. ಥಾಮ್ಸನ್ 1852ರಲ್ಲಿ ಬರೆದದ್ದು ಇದನ್ನೇ: ಶಕ್ತಿ ಉಳಿಯುತ್ತದೆ, ಚೆದುರುತ್ತದೆ.

ದುಡ್ಡಿನ ಉಪಮೆ ಕುಂಟುವುದು ಇಲ್ಲೇ. ರೂಪಾಯಿ ಕೈ ಬದಲಾಯಿಸಿದರೆ ಅದರ ಕೊಳ್ಳುವ ಬಲ ಕುಂದುವುದಿಲ್ಲ, ಶಕ್ತಿಯದ್ದು ಕುಂದುತ್ತದೆ. ಐನೂರರ ಗರಿಗರಿ ನೋಟನ್ನು ಜಾತ್ರೆಯಲ್ಲಿ ಚಿಲ್ಲರೆ ಮಾಡಿಸಿ ಜನರ ಕಾಲಡಿ ಚೆಲ್ಲಿದಂತೆ. ಜಾತ್ರೆಯಲ್ಲಿರುವ ಒಟ್ಟು ಹಣ ಅಷ್ಟೇ ಇದೆ, ನಿಮ್ಮ ಕೈಯಲ್ಲಿ ಏನೂ ಇಲ್ಲ. ಆಯುವ ಕೂಲಿಯೇ ಐನೂರು ದಾಟುತ್ತದೆ. ನಮ್ಮ ಕಲ್ಲಿದ್ದಲು ಸ್ಥಾವರಗಳು ಸುಡುವ ಶಾಖದಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಕರೆಂಟಾಗುವುದೂ ಇದೇ ಕಾರಣಕ್ಕೆ, ಉಳಿದದ್ದು ಬಾಗಿಲಲ್ಲೇ ಚಿಲ್ಲರೆ. ತಿಂಗಳ ಬಿಲ್ಲಿನಲ್ಲಿ ನಾವು ಕಟ್ಟುವುದು ಶಕ್ತಿಯ ಬೆಲೆಯಲ್ಲ. ನೋಟು ತಂದುಕೊಟ್ಟು ಚಿಲ್ಲರೆ ಚೆಲ್ಲಲು ಬಿಟ್ಟದ್ದಕ್ಕೆ ಕಟ್ಟುವ ಬೆಲೆ.

ಇಷ್ಟನ್ನು ಹೇಳಬೇಕೆಂದರೆ ಆ ಹುಡುಗಿ ಅಷ್ಟರಲ್ಲಿ ಹೈಸ್ಕೂಲು ಮುಗಿಸಿ ಹೋಗಿದ್ದಳು. ಮೊನ್ನೆ ಬಸ್‌ಸ್ಟಾಪಿನಲ್ಲಿ ಸಿಕ್ಕಿದಳು. ಪಿಯುಸಿಯಲ್ಲಿದ್ದಾಳೆ. ಸೈನ್ಸೇ ಇರಬೇಕು ಅಂದುಕೊಂಡೆ, ಕಾಮರ್ಸ್ ಅಂದಳು. ಬಸ್ಸು ಬರುವವರೆಗೆ ನಾವಿಯೇ, ಉದ್ದರಿ, ಜಾತ್ರೆಯ ಚಿಲ್ಲರೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಸಮಾಧಾನದಿಂದ ಕೇಳಿಸಿಕೊಂಡು, “ಆ ಚಿಲ್ಲರೆ ಎಲ್ಲಾ ಕೊನೆಗೆ ಎಲ್ಲೋಗಿ ಸೇರತ್ತೆ ಸಾರ್?” ಎಂದು ಕೇಳಿದಳು. ಭೂಮಿ ರಾತ್ರಿಯಿಡೀ ಆಕಾಶಕ್ಕೆ ಶಾಖ ಹೊರಸೂಸುವ ಕಥೆ ಶುರುಮಾಡುವಷ್ಟರಲ್ಲಿ ಬಸ್ಸು ಬಂತು.

ನೂಕುನುಗ್ಗಲಲ್ಲಿ ಇಬ್ಬರೂ ಹತ್ತಿದೆವು. ನಾನು ಟಿಕೆಟ್ಟಿಗೆ ಚಿಲ್ಲರೆ ತಡಕಾಡುತ್ತಿದ್ದೆ. ಅವಳು ಹೆಂಗಸರ ಉಚಿತ ಪ್ರಯಾಣಕ್ಕೆಂದು ಆಧಾರ್ ಕಾರ್ಡ್ ತೋರಿಸಿದಳು, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಅದನ್ನು ನನ್ನ ಮುಖದ ಮುಂದೆ ಹಿಡಿದಳು.

“ಇದೂ ಶಕ್ತಿ ಯೋಜನೆನೇ ಸಾರ್. ನಾನು ದುಡ್ಡೇ ಕೊಡ್ಲಿಲ್ಲ, ಮತ್ತೆ ಟಿಕೆಟ್ ಯಾಕೆ?”

“ಲೆಕ್ಕಕ್ಕೆ,” ಅಂದೆ.